ಜೇಡದ ಹೊಟ್ಟೆಯಿಂದ ನೊಣ ಬಂದಿದೆ, ಇದು ಊಜಿಯೇ? ಶಿಡ್ಲಘಟ್ಟದಿಂದ ಒಂದು ಪ್ರಶ್ನೆ

ನೇರಳೆತೋಟ · ಶುಕ್ರವಾರ ಬೆಳಿಗ್ಗೆ 6:10

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ. ಹುಳು ಮನೆಯಲ್ಲಿ ಈಗ 150 ಮೊಟ್ಟೆಯ, ಅಂದರೆ 150 ಚಿಟ್ಟೆಗಳು ಇಟ್ಟ ಮೊಟ್ಟೆಗಳಿಂದ ಬಂದ, ರೇಷ್ಮೆ ಹುಳು ಇದೆ. ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದು ಎರಡು ದಿನವಾಯಿತು, ಇನ್ನೊಂದು ವಾರದೊಳಗೆ ಹಣ್ಣಾಗಿ ಗೂಡು ಕಟ್ಟುತ್ತವೆ. ಇಂಥ ಹೊತ್ತಿನಲ್ಲಿ ಒಂದು ನೊಣ ಮನೆಯವರೆಲ್ಲರ ನಿದ್ದೆ ಕೆಡಿಸಿದೆ. ರೇಷ್ಮೆ ಹುಳುವಿನೊಳಗೆ ಬೆಳೆದು ಅದನ್ನು ಕೊಲ್ಲುವ ಊಜಿ ನೊಣವೋ ಏನೋ ಎಂಬ ಭಯ.

ನಡೆದದ್ದು ಇಷ್ಟು. ಆರನೇ ತರಗತಿ ಓದುವ ಮಗಳು ತೋಟದ ಬದುವಿನಲ್ಲಿ ಓಡಾಡುತ್ತಿದ್ದ ಒಂದು ಕಂದು ಜೇಡವನ್ನು ಹಿಡಿದು, ಹಾರ್ಲಿಕ್ಸ್ ಬಾಟಲಿಗೆ ಬಿಟ್ಟು, ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಸಾಕುತ್ತಿದ್ದಳು. ದಿನಕ್ಕೊಂದು ಮರಿ ಮಿಡತೆ ಕೊಡುತ್ತಿದ್ದಳು. ಹದಿನೈದು ದಿನ ಚೆನ್ನಾಗಿಯೇ ಇತ್ತು. ಆಮೇಲೆ ತಿನ್ನುವುದನ್ನು ಬಿಟ್ಟಿತು. ಒಂದು ಸಂಜೆ ಬಾಟಲಿಯ ಮೂಲೆಯಲ್ಲಿ ತೆಳ್ಳಗೆ ನೂಲು ಹಾಸಿ ಅದರ ಮೇಲೆ ಕುಳಿತಿತ್ತು. ಬೆಳಿಗ್ಗೆ ನೋಡಿದರೆ ಜೇಡ ಸತ್ತಿದೆ, ಹೊಟ್ಟೆ ಖಾಲಿ ಚೀಲದಂತೆ ಸುಕ್ಕಾಗಿದೆ, ಪಕ್ಕದಲ್ಲಿ ಬೆಳ್ಳಗಿನ ದಪ್ಪ ಹುಳುವೊಂದು ಮಲಗಿದೆ. ಎರಡನೇ ದಿನಕ್ಕೆ ಅದು ಕೋಶವಾಯಿತು. ಒಂಬತ್ತನೇ ದಿನ, ಅಂದರೆ ಬುಧವಾರ, ನೊಣ ಹೊರಬಂತು.

ಪಕ್ಕದ ತೋಟದ ಅಣ್ಣ ಬಂದು ನೋಡಿ, ‘ಇದು ಊಜಿ, ಜೇಡದಲ್ಲೂ ಬೆಳೆಯುವುದನ್ನು ಕಲಿತಿದೆ, ಬಾಟಲಿ ಸಮೇತ ಸುಟ್ಟುಹಾಕಿ ಬದುವಿಗೆಲ್ಲ ಔಷಧಿ ಹೊಡಿ’ ಎಂದರು. ಮಗಳು ಬಾಟಲಿಯನ್ನು ಎದೆಗವುಚಿಕೊಂಡು ಕೊಡುತ್ತಿಲ್ಲ. ಮೂರು ಚಿತ್ರಗಳನ್ನು ಹಾಕಿದ್ದೇನೆ. ತಿಳಿದವರು ದಯವಿಟ್ಟು ಬೇಗ ಹೇಳಿ.

ರೇಷ್ಮೆಮೇಷ್ಟ್ರು · ಶುಕ್ರವಾರ ಬೆಳಿಗ್ಗೆ 7:25

ಮೊದಲು ಒಂದು ಮಾತು: ಬದುವಿಗೆ ಔಷಧಿ ಹೊಡೆಯಬೇಡಿ. ಐದನೇ ಹಂತದ ಹುಳು ಮನೆಯಲ್ಲಿರುವಾಗ ಗಾಳಿಗೆ ಹಾರಿದ ಹನಿ ಸೊಪ್ಪಿನ ಮೇಲೆ ಕುಳಿತರೆ ನೊಣ ಮಾಡದ ನಷ್ಟವನ್ನು ಔಷಧಿಯೇ ಮಾಡುತ್ತದೆ.

ಇದು ಊಜಿ ಅಲ್ಲ. ವಿಸ್ತರಣಾ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಸರಕಿನ ಜೊತೆ ಊಜಿ ಕರ್ನಾಟಕಕ್ಕೆ ಕಾಲಿಟ್ಟಿತು. ಅದರ ಮರಿ ಹೊರಬರಲು ಕೊರೆದು ಗೂಡಿಗೆ ತೂತು ಬಿದ್ದರೆ ನೂಲು ತುಂಡಾಗುತ್ತದೆಂದು ನೂಲು ಬಿಚ್ಚುವ ರೀಲರುಗಳು ಮುಟ್ಟುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ತೂತು ಗೂಡಿನ ರಾಶಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತ ರೈತರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಆದ್ದರಿಂದ ನಿಮ್ಮ ನೆರೆಯವರ ಭಯ ನನಗೆ ಅರ್ಥವಾಗುತ್ತದೆ, ಅವರ ಮೇಲೆ ಬೇಸರ ಬೇಡ.

ಆದರೆ ಚಿತ್ರ ನೋಡಿ. ಊಜಿ ಬೂದು ಬಣ್ಣದ ಗಟ್ಟಿ ನೊಣ. ಎದೆಯ ಮೇಲೆ ಉದ್ದಕ್ಕೆ ನಾಲ್ಕು ಕಪ್ಪು ಗೆರೆ, ಹೊಟ್ಟೆಯ ತುಂಬ ಮುಳ್ಳಿನಂಥ ಒರಟು ಕೂದಲು. ನಿಮ್ಮ ನೊಣದ ಮೈಮೇಲೆ ಅಂಥ ಒಂದು ಕೂದಲೂ ಇಲ್ಲ. ಇನ್ನೂ ದೊಡ್ಡ ಗುರುತು ಕೋಶದ್ದು. ಊಜಿಯ ಮರಿ ಕೋಶವಾಗುವಾಗ ತನ್ನ ಹಳೆಯ ಚರ್ಮವನ್ನು ಕಳಚುವುದಿಲ್ಲ. ಆ ಚರ್ಮವೇ ಗಟ್ಟಿಯಾಗಿ ಕೆಂಗಂದು ಗುಳಿಗೆಯಾಗುತ್ತದೆ. ನೀವೂ ಹುಳು ಮನೆಯ ನೆಲದ ಬಿರುಕಿನಲ್ಲಿ ಎಷ್ಟೋ ಸಲ ಹೆಕ್ಕಿರುತ್ತೀರಿ. ನಿಮ್ಮ ಎರಡನೇ ಚಿತ್ರದಲ್ಲಿರುವುದು ಗುಳಿಗೆಯಲ್ಲ. ಬಾಗಿದ ಬೆನ್ನು, ಮಡಿಸಿದ ರೆಕ್ಕೆ, ಎಲ್ಲವೂ ಹೊರಗೇ ಕಾಣುತ್ತಿದೆ.

ಇದರ ಹೆಸರೇನೆಂದು ನಾನು ಹೇಳಲಾರೆ, ಊಜಿಯಲ್ಲ ಎಂದು ಮಾತ್ರ ಬರೆದುಕೊಡುತ್ತೇನೆ. ನೈಲಾನ್ ಪರದೆ ಸರಿಯಾಗಿ ಕಟ್ಟಿದ್ದೀರಿ ತಾನೇ? ನಿಮ್ಮ ಗಮನ ಅಲ್ಲಿರಲಿ.

ನೇರಳೆತೋಟ · ಶುಕ್ರವಾರ ಬೆಳಿಗ್ಗೆ 7:40

ಪರದೆ ಕಟ್ಟಿದ್ದೇನೆ ಮೇಷ್ಟ್ರೇ. ನಿಮ್ಮ ಮಾತು ಓದಿದ ಮೇಲೆ ಕಾಫಿ ಗಂಟಲಲ್ಲಿ ಇಳಿಯಿತು.

ದ್ರಾಕ್ಷಿಚಪ್ಪರ · ಶುಕ್ರವಾರ ಬೆಳಿಗ್ಗೆ 9:05

ಮೇಷ್ಟ್ರು ಹೇಳಿದ್ದು ಸರಿ ಇರಬಹುದು. ಆದರೆ ಜೇಡದ ಒಳಗಿನಿಂದಲೇ ಬಂತು ಎನ್ನುವುದಕ್ಕೆ ಏನು ಆಧಾರ? ಜೇಡ ತಾನಾಗಿಯೇ ಸತ್ತಿರಬಹುದು. ಹೆಣದ ವಾಸನೆಗೆ ಯಾವುದೋ ನೊಣ ಬಂದು ಬಟ್ಟೆಯ ಸಂದಿನಲ್ಲಿ ಮೊಟ್ಟೆ ಇಟ್ಟಿರಬಹುದು. ಸತ್ತ ಇಲಿಯಲ್ಲಿ ಹುಳು ಕಂಡರೆ ಇಲಿಯನ್ನು ಹುಳು ಕೊಂದಿತು ಎನ್ನುತ್ತೇವೆಯೇ? ತಪ್ಪು ತಿಳಿಯಬೇಡಿ, ಸರಿಯಾಗಿ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಬೆಟ್ಟದಜೇಡ · ಶುಕ್ರವಾರ ಮಧ್ಯಾಹ್ನ 1:30

ಶಾಲೆಯ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಚಿತ್ರ ನೋಡಿದಾಗಿನಿಂದ ಪಾಠದ ಮೇಲೆ ಮನಸ್ಸು ನಿಂತಿಲ್ಲ. ನಂದಿ, ಸ್ಕಂದಗಿರಿಯ ಸುತ್ತ ಹನ್ನೊಂದು ವರ್ಷದಿಂದ ಜೇಡ ನೋಡುತ್ತಿದ್ದೇನೆ. ಈ ನೊಣ ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿಲ್ಲ.

ಇದು ಅಕ್ರೋಸೆರಿಡೇ ಎಂಬ ಕುಟುಂಬದ್ದು. ಸಣ್ಣ ತಲೆಯ ನೊಣಗಳು ಎನ್ನೋಣ. ಮೂರನೇ ಚಿತ್ರವನ್ನು ಹಿಗ್ಗಿಸಿ ನೋಡಿ. ಸಾಸಿವೆಯಷ್ಟು ತಲೆ, ಆ ತಲೆಯಲ್ಲಿ ಕಣ್ಣು ಬಿಟ್ಟರೆ ಬೇರೇನೂ ಇಲ್ಲವೆನ್ನುವಂತೆ ಎರಡು ಕಣ್ಣೂ ಒಂದಕ್ಕೊಂದು ತಾಗಿವೆ. ತಲೆಯ ಹಿಂದೆ ಎದೆ ಗುಡ್ಡದಂತೆ ಎದ್ದಿದೆ, ಅದರ ಹಿಂದೆ ಗಾಳಿ ತುಂಬಿದಂಥ ಹೊಟ್ಟೆ, ಕಪ್ಪಿನ ಮೇಲೆ ಬಿಳಿ ಪಟ್ಟೆ. ರೆಕ್ಕೆಯ ಬುಡದಲ್ಲಿ ಚಿಪ್ಪಿನಂಥ ಒಂದು ಮಾಸಲು ಬಿಳಿ ಪೊರೆ ಕಾಣುತ್ತದಲ್ಲ, ಅದೇ ಖಚಿತ ಗುರುತು. ನೊಣಗಳಿಗೆ ಹಿಂದಿನ ರೆಕ್ಕೆಯ ಜಾಗದಲ್ಲಿ ಹಾರಾಟದ ಸಮತೋಲಕ್ಕೆಂದು ಪುಟ್ಟ ಗುಂಡಿಯಂಥ ಅಂಗವಿರುತ್ತದೆ. ಈ ಕುಟುಂಬದಲ್ಲಿ ಆ ಪೊರೆ ಎಷ್ಟು ದೊಡ್ಡದೆಂದರೆ ಗುಂಡಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ.

ದ್ರಾಕ್ಷಿಚಪ್ಪರದ ಅಣ್ಣ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರ ಇದರ ಬದುಕಿನಲ್ಲೇ ಇದೆ. ಹೆಣ್ಣು ನೊಣ ಜೇಡದ ಹತ್ತಿರಕ್ಕೂ ಹೋಗುವುದಿಲ್ಲ. ಒಣಕಡ್ಡಿ, ಹುಲ್ಲಿನ ದಂಟು, ಇಂಥ ಕಡೆ ಸಾವಿರಾರು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಮೊಟ್ಟೆ ಒಡೆದು ಬರುವ ಮರಿ ಅರ್ಧ ಮಿಲಿಮೀಟರ್ ಆಸುಪಾಸಿನದು. ಕಾಲಿಲ್ಲ, ಆದರೂ ನಡೆಯುತ್ತದೆ. ಬಾಲದ ತುದಿಯ ಮೇಲೆ ನೆಟ್ಟಗೆ ನಿಂತು ಕಾಯುತ್ತದೆ, ಬಾಗಿ ಚಿಮ್ಮಿ ನೆಗೆಯುತ್ತದೆ. ಜೇಡವೊಂದು ಆ ಕಡ್ಡಿಯನ್ನು ಹಾದು ಹೋದರೆ ಅದರ ಕಾಲಿಗೆ ಹತ್ತಿಕೊಳ್ಳುತ್ತದೆ. ಹತ್ತದೆ ಉಳಿದ ಮರಿಗಳೆಲ್ಲ ಸಾಯುತ್ತವೆ. ಅಷ್ಟೊಂದು ಮೊಟ್ಟೆ ಇಡುವುದು ಅದಕ್ಕೇ.

ಹತ್ತಿದ ಮೇಲೆ ಕೀಲಿನ ಮೆತ್ತನೆಯ ಚರ್ಮವನ್ನು ಕೊರೆದು ಒಳಗೆ ಹೋಗಿ, ಹೊಟ್ಟೆಯ ಭಾಗಕ್ಕೆ ಸಾಗಿ, ಜೇಡದ ಉಸಿರಾಟದ ಅಂಗಕ್ಕೆ ತನ್ನ ಹಿಂಬದಿಯನ್ನು ತಾಗಿಸಿಕೊಂಡು ನೆಲೆಸುತ್ತದೆ. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಆ ಶ್ವಾಸಕೋಶದ ಗಾಳಿಯನ್ನೇ ಇದೂ ಉಸಿರಾಡುತ್ತದೆ. ಹಾಗೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಬಿಲದಲ್ಲಿ ಬದುಕುವ, ದೀರ್ಘಾಯುಷ್ಯದ ದೊಡ್ಡ ಜೇಡಗಳಲ್ಲಿ ಬೆಳೆಯುವ ಇದರ ಬಂಧುಗಳು ವರ್ಷಗಟ್ಟಲೆ ಮಲಗಿರುವುದೂ ಉಂಟು. ಜೇಡ ಓಡಾಡುತ್ತದೆ, ಬೇಟೆಯಾಡುತ್ತದೆ, ಹೊರಗೆ ಯಾವ ಗುರುತೂ ಇಲ್ಲ. ಕೊನೆಗೆ, ಜೇಡ ಬಲಿಯುವ ಹೊತ್ತಿಗೆ, ಮರಿ ಒಮ್ಮೆಲೇ ಬೆಳೆದು ಒಳಗಿನದ್ದನ್ನೆಲ್ಲ ತಿಂದು ಹೊಟ್ಟೆಯ ಕೆಳಗಿನಿಂದ ಹೊರಬರುತ್ತದೆ. ಅದಕ್ಕೆ ಮುಂಚೆ ಜೇಡ ಒಂದು ನೂಲಿನ ಹಾಸು ನೇಯುವುದನ್ನು ಹಲವರು ದಾಖಲಿಸಿದ್ದಾರೆ. ನಿಮ್ಮ ಮಗಳು ಆ ಸಂಜೆ ಕಂಡದ್ದು ಅದನ್ನೇ. ಅದು ಕೊನೆಯ ನೇಯ್ಗೆ.

ಆ ನೂಲಿನ ಹಾಸು, ಒಂದೇ ರಾತ್ರಿಯಲ್ಲಿ ಖಾಲಿಯಾದ ಹೊಟ್ಟೆ, ಒಂದೇ ಒಂದು ಪೂರ್ಣ ಬೆಳೆದ ಹುಳು: ಹೆಣಕ್ಕೆ ಬಂದ ನೊಣವಾದರೆ ಇವು ಮೂರೂ ಕೂಡಿಬರುವುದಿಲ್ಲ ಅಣ್ಣ. ಹೆಣದ ನೊಣದ ಮರಿ ಬೆಳೆಯಲು ದಿನಗಳು ಬೇಕು, ಕೋಶವೂ ಮೇಷ್ಟ್ರು ಹೇಳಿದ ಗುಳಿಗೆಯಂತೆಯೇ ಇರುತ್ತದೆ.

ಈಗ ನನ್ನ ಪ್ರಶ್ನೆ, ಇದಕ್ಕೆ ಬೇಗ ಉತ್ತರ ಬೇಕು. ಸತ್ತ ಜೇಡ ಎಲ್ಲಿದೆ?

ನೇರಳೆತೋಟ · ಶುಕ್ರವಾರ ಮಧ್ಯಾಹ್ನ 2:15

ಮೇಡಂ, ನೊಣ ಬಾಟಲಿಯಲ್ಲೇ ಇದೆ, ಜೀವಂತವಾಗಿದೆ. ಜೇಡ ವಾಸನೆ ಬಂದೀತೆಂದು ನಮ್ಮ ತಾಯಿ ಅಂದೇ ಬಾಟಲಿ ಗುಡಿಸಿ ತಿಪ್ಪೆಗೆ ಹಾಕಿದರಂತೆ. ಸತ್ತ ಜೇಡದಿಂದ ಏನು ಪ್ರಯೋಜನ?

ಬೆಟ್ಟದಜೇಡ · ಶುಕ್ರವಾರ ಮಧ್ಯಾಹ್ನ 2:20

ಪ್ರಯೋಜನ ನೊಣಕ್ಕಿಂತ ಹೆಚ್ಚು. ದಯವಿಟ್ಟು ಹುಡುಕಿ. ಜಗತ್ತಿನಲ್ಲಿ ಈ ಕುಟುಂಬದ 500ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಯಾವ ಜೇಡದಲ್ಲಿ ಬೆಳೆಯುತ್ತವೆ ಎಂಬುದನ್ನು ಯಾರೂ ನೋಡಿಲ್ಲ. ಹಾರುತ್ತಿದ್ದ ನೊಣವನ್ನು ಬಲೆಯಲ್ಲಿ ಹಿಡಿದರೆ ನೊಣ ಮಾತ್ರ ಸಿಗುತ್ತದೆ, ಅದರ ಬಾಲ್ಯ ಸಿಗುವುದಿಲ್ಲ. ಜೇಡ ಸಾಕಿದವರ ಕಣ್ಣೆದುರು ಹೀಗೆ ಹೊರಬಂದಾಗ ಮಾತ್ರ ಎರಡೂ ಒಟ್ಟಿಗೆ ಸಿಗುತ್ತವೆ. ಒಣಗಿದ ಚರ್ಮವಾದರೂ ಸಾಕು. ಕೋಶದ ಸಿಪ್ಪೆಯನ್ನೂ ಎಸೆಯಬೇಡಿ.

ಕೀಟವಿದ್ಯಾರ್ಥಿನಿ · ಶುಕ್ರವಾರ ಸಂಜೆ 5:50

ನಾನು ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದೇನೆ. ನಮ್ಮ ಪಾಠದಲ್ಲಿ ಊಜಿಗೆ ಒಂದು ಅಧ್ಯಾಯವೇ ಇದೆ, ಇದಕ್ಕೆ ಒಂದು ಸಾಲೂ ಇಲ್ಲ.

ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಚಿತ್ರದಲ್ಲಿ ಮೀಸೆಗಳು ತಲೆಯ ಕೆಳಭಾಗದಲ್ಲಿ, ಬಾಯಿ ಇರಬೇಕಾದ ಜಾಗದ ಹತ್ತಿರ ಇವೆ. ಇದೇ ಕುಟುಂಬದ ಅಕ್ರೋಸೆರಾ ಕುಲವಾಗಿದ್ದರೆ ಮೀಸೆ ನೆತ್ತಿಯ ಹತ್ತಿರ ಇರಬೇಕಿತ್ತು. ಆದ್ದರಿಂದ ಇದು ಓಗ್ಕೋಡಿಸ್ ಕುಲದತ್ತ ಬೊಟ್ಟು ಮಾಡುತ್ತದೆ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಊದಿಕೊಂಡದ್ದು ಎಂದು ಅರ್ಥ. ಈ ಕುಲದ ನೊಣಗಳ ಬಾಯಿ ಕೆಲಸಕ್ಕೆ ಬಾರದಷ್ಟು ಕುಗ್ಗಿದೆ, ದೊಡ್ಡದಾದ ಮೇಲೆ ಏನನ್ನೂ ತಿನ್ನುವುದಿಲ್ಲ. ಹಾಗಾಗಿ ಮಗಳು ಸಕ್ಕರೆ ನೀರು ಇಡುತ್ತಿದ್ದರೆ ಬಿಡಲು ಹೇಳಿ, ಹನಿಗೆ ರೆಕ್ಕೆ ಅಂಟಿಕೊಂಡೀತು. ಇದೇ ಕುಟುಂಬದ ಬೇರೆ ಕೆಲವು ಕುಲಗಳಲ್ಲಿ ಇದಕ್ಕೆ ತದ್ವಿರುದ್ಧ: ಕ್ಯಾಲಿಫೋರ್ನಿಯಾ ಕಡೆಯ ಯೂಲಾಂಕಸ್‌ಗೆ ಉದ್ದ ಕೊಳವೆಯಂಥ ಬಾಯಿ ಇದ್ದು ಹೂವಿನಿಂದ ಹೂವಿಗೆ ಹೋಗಿ ಮಕರಂದ ಹೀರುತ್ತದೆ, ಪರಾಗವನ್ನೂ ಸಾಗಿಸುತ್ತದೆ.

ಜಾತಿ ಯಾವುದೆಂದು ಚಿತ್ರದಿಂದ ಹೇಳಲಾಗದು. ಅದಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಟ್ಟೆಯ ತುದಿಯ ಅಂಗಗಳನ್ನು ನೋಡಬೇಕು. ಭಾರತದ ಈ ನೊಣಗಳನ್ನು ಒಂದೆಡೆ ಸೇರಿಸಿ ಬರೆದವರು ಬ್ರುನೆಟ್ಟಿ. ಸಂಗೀತ ಅವರ ವೃತ್ತಿ, ನೊಣ ಅವರ ಪ್ರೀತಿ. ಕಲ್ಕತ್ತೆಯಲ್ಲಿದ್ದುಕೊಂಡು ಬರೆದ ಆ ಸಂಪುಟ 1920ರಲ್ಲಿ ಬಂತು, ಆಗ ಈ ಕುಟುಂಬವನ್ನು ಸಿರ್ಟಿಡೇ ಎನ್ನುತ್ತಿದ್ದರು. ನೂರು ವರ್ಷ ಹಳೆಯದಾದರೂ ಇಂದಿಗೂ ಮೊದಲು ತೆರೆಯಬೇಕಾದ ಪುಟಗಳು ಅವೇ.

ಅಂತರಗಂಗೆ · ಶುಕ್ರವಾರ ರಾತ್ರಿ 8:30

ಕೋಲಾರದಿಂದ ನಮಸ್ಕಾರ. ಕುಂಬಾರ ಹುಳು ಗೋಡೆಗೆ ಮಣ್ಣಿನ ಗೂಡು ಕಟ್ಟಿ ಒಳಗೆ ಜೇಡಗಳನ್ನು ತುಂಬುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೂಡು ಒಡೆದರೆ ಹಸಿರು, ಹಳದಿ ಜೇಡಗಳು ಅಲುಗಾಡದೆ ಒಂದರ ಮೇಲೊಂದು ಬಿದ್ದಿರುತ್ತವೆ. ಅದಾದರೂ ಎದುರಿಗೆ ಬಂದು ಕುಟುಕಿ ಹೊತ್ತುಕೊಂಡು ಹೋಗುತ್ತದೆ. ಒಳಗೇ ಕುಳಿತು ಅದರ ಉಸಿರನ್ನೇ ಉಸಿರಾಡುವ ಜೀವಿಯ ವಿಷಯ ಇವತ್ತೇ ಕೇಳಿದ್ದು. ಮೈ ಜುಮ್ಮೆಂದಿತು.

ನಮ್ಮ ಮನೆಯಲ್ಲಿ ಅಜ್ಜಿ ತೆಲುಗಿನಲ್ಲಿ ಸಾಲೆಪುರುಗು ಎನ್ನುತ್ತಿದ್ದರು. ಸಾಲೆಯೆಂದರೆ ನೇಯುವವ. ಕನ್ನಡದ ಜೇಡನೂ ನೇಯುವವನೇ, ಜೇಡರ ದಾಸಿಮಯ್ಯನ ಹೆಸರಲ್ಲೇ ಇದೆಯಲ್ಲ. ನಮ್ಮ ಗಡಿ ಸೀಮೆಯ ಎರಡು ಭಾಷೆಗಳೂ ಈ ಜೀವಿಯನ್ನು ಕರೆದದ್ದು ಅದರ ಕಸುಬಿನಿಂದ. ಈ ನೊಣಕ್ಕೂ ಒಂದು ಕನ್ನಡ ಹೆಸರು ಬೇಕು. ಗೂನುನೊಣ ಎಂದರೆ ಹೇಗೆ?

ಬೆಟ್ಟದಜೇಡ · ಶುಕ್ರವಾರ ರಾತ್ರಿ 9:00

ಬೆನ್ನು ಬಾಗಿದ ಮಕ್ಕಳಿಗೂ ಪಾಠ ಹೇಳಿದ್ದೇನೆ, ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಪುಟ್ಟತಲೆ ನೊಣ ಎನ್ನುತ್ತೇನೆ. ನಿಮಗೆ ಒಪ್ಪಿಗೆಯಾದರೆ ಇಲ್ಲಿ ಹಾಗೆಯೇ ಬರೆಯೋಣ.

ನೇರಳೆತೋಟ · ಶನಿವಾರ ಬೆಳಿಗ್ಗೆ 8:20

ಸಿಕ್ಕಿತು!

ತಿಪ್ಪೆಯಲ್ಲಿ ಸಿಗಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಒಂದು ಗಂಟೆ ಕೆದಕಿದೆವು, ಬೆಳಿಗ್ಗೆ ಮತ್ತೆ ಕೆದಕಿದೆವು. ಕೊನೆಗೆ ತಾಯಿಯೇ, ‘ಪೊರಕೆಯ ಕಡ್ಡಿಗೆ ಏನೋ ಜೋತಾಡುತ್ತಿದೆ ನೋಡು’ ಎಂದರು. ನೂಲಿನ ಸಮೇತ ಪೊರಕೆಗೆ ಸುತ್ತಿಕೊಂಡಿತ್ತು. ಎರಡು ಕಾಲು ಹೋಗಿವೆ. ಹೊಟ್ಟೆಯ ಜಾಗದಲ್ಲಿ ಈರುಳ್ಳಿ ಸಿಪ್ಪೆಯಂಥ ಚರ್ಮ, ಅದರ ಅಡಿಯಲ್ಲಿ ಒಂದು ಸೀಳು. ತಲೆಯ ಭಾಗ ಚೆನ್ನಾಗಿದೆ. ಚಿತ್ರ ಹಾಕಿದ್ದೇನೆ. ಕೋಶದ ಸಿಪ್ಪೆ ಬಾಟಲಿಯ ತಳದಲ್ಲೇ ಇತ್ತು, ಬೆನ್ನಿನ ಮೇಲೆ ನೇರವಾಗಿ ಸೀಳಿದೆ.

ಬೆಟ್ಟದಜೇಡ · ಶನಿವಾರ ಬೆಳಿಗ್ಗೆ 8:45

ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಮುಖದ ಚಿತ್ರ ಸ್ಪಷ್ಟವಾಗಿದೆ. ಕೆಳಗಿನ ಸಾಲಿನಲ್ಲಿ ನಾಲ್ಕು ಚಿಕ್ಕ ಕಣ್ಣು, ಅದರ ಮೇಲೆ ಮುಂದಕ್ಕೆ ನೋಡುವ ಎರಡು ದೊಡ್ಡ ಕಣ್ಣು, ಅದಕ್ಕೂ ಮೇಲೆ ಹಿಂದಕ್ಕೆ ಎರಡು ಮಧ್ಯಮ ಗಾತ್ರದ್ದು. ಇದು ತೋಳ ಜೇಡ. ಬಲೆ ಕಟ್ಟದೆ ನೆಲದ ಮೇಲೆ ಓಡಿ ಬೇಟೆಯಾಡುವಂಥದ್ದು. ರಾತ್ರಿ ಟಾರ್ಚ್ ಬಿಟ್ಟರೆ ಬದುವಿನಲ್ಲಿ ಹಸಿರಾಗಿ ಮಿನುಗುವ ಕಣ್ಣುಗಳು ಇವೇ. ಮೊಟ್ಟೆಯ ಉಂಡೆಯನ್ನು ಹಿಂಬದಿಗೆ ಅಂಟಿಸಿಕೊಂಡು, ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವ ತಾಯಿಯನ್ನು ನಿಮ್ಮ ಮಗಳು ಖಂಡಿತ ನೋಡಿರುತ್ತಾಳೆ. ಓಗ್ಕೋಡಿಸ್ ನೊಣಗಳಿಗೆ ತೋಳ ಜೇಡಗಳು ಆಶ್ರಯವಾಗುವುದು ಬೇರೆ ದೇಶಗಳಲ್ಲಿಯೂ ದಾಖಲಾಗಿದೆ, ಆದ್ದರಿಂದ ಎರಡಕ್ಕೂ ತಾಳೆಯಾಗುತ್ತದೆ.

ದ್ರಾಕ್ಷಿಚಪ್ಪರ · ಶನಿವಾರ ಬೆಳಿಗ್ಗೆ 10:10

ಹೊಟ್ಟೆಯ ಅಡಿಯ ಸೀಳು ನೋಡಿದ ಮೇಲೆ ನನ್ನ ಅನುಮಾನ ಹೋಯಿತು. ಒಪ್ಪಿದೆ.

ಇನ್ನೊಂದು ಚಿಂತೆ. ತೋಟದಲ್ಲಿ ಜೇಡ ನಮ್ಮ ಬಂಟ. ಎಲೆ ತಿನ್ನುವ ಹುಳು, ಜಿಗಿಹುಳು, ಪತಂಗ, ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಆ ಜೇಡವನ್ನು ಕೊಲ್ಲುವ ನೊಣವನ್ನು ನಾವು ಉಳಿಸಬೇಕೇ?

ರೇಷ್ಮೆಮೇಷ್ಟ್ರು · ಶನಿವಾರ ಬೆಳಿಗ್ಗೆ 11:00

ಊಜಿಯ ವಿಷಯದಲ್ಲಿ ನಾವು ಕಲಿತದ್ದನ್ನು ಹೇಳುತ್ತೇನೆ. ಊಜಿ ಹಬ್ಬಿದ್ದು ಏಕೆ? ಸಾವಿರಾರು ಹುಳು ಒಂದೇ ಮನೆಯಲ್ಲಿ, ಓಡಲಾರವು, ಅಡಗಲಾರವು. ನೊಣಕ್ಕೆ ಹುಡುಕುವ ಕೆಲಸವೇ ಇಲ್ಲ, ಹುಳುವಿನ ಮೈಮೇಲೆಯೇ ಮೊಟ್ಟೆ ಇಟ್ಟರಾಯಿತು. ಈ ಪುಟ್ಟತಲೆ ನೊಣದ ಮರಿ ಕಡ್ಡಿಯ ತುದಿಯಲ್ಲಿ ನಿಂತು, ಜೇಡ ಬರುವುದೋ ಇಲ್ಲವೋ ಎಂದು ಕಾಯಬೇಕು. ಮೇಡಂ ಹನ್ನೊಂದು ವರ್ಷದಲ್ಲಿ ಒಂದನ್ನೂ ನೋಡಿಲ್ಲ ಎಂದರಲ್ಲ, ಜೇಡಗಳು ಮಾತ್ರ ಎಲ್ಲೆಲ್ಲೂ ಇವೆ. ನಿಮ್ಮ ಪ್ರಶ್ನೆಗೆ ಆ ಲೆಕ್ಕವೇ ಉತ್ತರ. ಜೇಡಕ್ಕೆ ನಿಜವಾದ ಕಂಟಕ ನಾವು ಹೊಡೆಯುವ ಔಷಧಿ.

ಮತ್ತೊಂದು ಮಾತು. ಊಜಿಯನ್ನು ಹತೋಟಿಗೆ ತರಲು ಇಲಾಖೆ ಏನು ಕೊಟ್ಟಿತು? ಪರದೆಯ ಜೊತೆಗೆ ನೆಸೋಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಕೊಟ್ಟಿತು. ಸಣ್ಣ ಚೀಲದಲ್ಲಿ ತಂದು ಹುಳು ಮನೆಯಲ್ಲಿ ತೂಗುಹಾಕುತ್ತೇವೆ. ಅದು ಊಜಿಯ ಕೋಶದೊಳಗೆ ಮೊಟ್ಟೆ ಇಡುತ್ತದೆ. ಅಂದರೆ ನಮ್ಮ ಗೂಡನ್ನು ಕಾಯುತ್ತಿರುವುದೂ ಒಂದು ಪರಾವಲಂಬಿಯೇ. ಇನ್ನೊಂದರ ಒಳಗೆ ಬೆಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಯಾವ ಜೀವಿಯ ಮೇಲೂ ಔಷಧಿ ಹೊಡೆಯಲು ನನ್ನ ಕೈ ಏಳುವುದಿಲ್ಲ.

ಕೀಟವಿದ್ಯಾರ್ಥಿನಿ · ಶನಿವಾರ ಮಧ್ಯಾಹ್ನ 12:40

ಈಗ ಜೋಪಾನದ ವಿಷಯ. ನೊಣ ತಾನಾಗಿ ಸಾಯುವವರೆಗೆ ಕಾಯಬಹುದು. ಏನೂ ತಿನ್ನದ ನೊಣ, ಹೆಚ್ಚು ದಿನ ಬದುಕುವುದಿಲ್ಲ. ಸತ್ತ ದಿನವೇ ತೆಗೆಯಿರಿ, ಇಲ್ಲವಾದರೆ ಇರುವೆ ಮುತ್ತುತ್ತದೆ. ಜೇಡವನ್ನು ಮದ್ಯಸಾರದಲ್ಲಿ ಮುಳುಗಿಸಿ ಇಡಬೇಕು, ನೂರಕ್ಕೆ 70 ಪಾಲು ಇದ್ದರೆ ಒಳ್ಳೆಯದು. ನಿಮ್ಮ ಊರಿನಲ್ಲಿ ಸಿಗದಿದ್ದರೆ ನಾನು ತಂದುಕೊಡುತ್ತೇನೆ. ಕೋಶದ ಸಿಪ್ಪೆಗೆ ಒಂದು ಬೆಂಕಿಪೊಟ್ಟಣ, ಒಳಗೆ ಹತ್ತಿ ಸಾಕು.

ಮೂರಕ್ಕೂ ಒಂದೇ ವಿವರದ ಚೀಟಿ ಇರಲಿ: ಊರು, ತಾಲ್ಲೂಕು, ಜೇಡ ಹಿಡಿದ ದಿನ, ಹುಳು ಹೊರಬಂದ ದಿನ, ನೊಣ ಬಂದ ದಿನ, ಹಿಡಿದವರ ಹೆಸರು. ಪೆನ್ಸಿಲಿನಲ್ಲಿಯೇ ಬರೆಯಿರಿ. ಪೆನ್ನಿನ ಮಸಿ ಮದ್ಯಸಾರದಲ್ಲಿ ಕರಗಿ, ಚೀಟಿ ಬರೀ ಬಿಳಿ ಕಾಗದವಾಗಿಬಿಡುತ್ತದೆ. ಚೀಟಿ ಇಲ್ಲದ ನೊಣ ಸಂಗ್ರಹಾಲಯದಲ್ಲಿ ಇದ್ದರೂ ಇಲ್ಲದಂತೆಯೇ.

ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ದೊಡ್ಡ ಕೀಟ ಸಂಗ್ರಹವಿದೆ. ಮೊದಲು ಚಿತ್ರಗಳ ಜೊತೆ ಪತ್ರ ಬರೆದು ಕೇಳೋಣ, ಪತ್ರವನ್ನು ನಾನು ಸಿದ್ಧ ಮಾಡುತ್ತೇನೆ.

ನೇರಳೆತೋಟ · ಭಾನುವಾರ ಸಂಜೆ 6:30

ನೊಣ ಇಂದು ಮಧ್ಯಾಹ್ನ ಸತ್ತಿತು. ಬಾಟಲಿಯ ಬಟ್ಟೆಯ ಒಳಬದಿಗೆ ಕಾಲೂರಿಕೊಂಡೇ ಇತ್ತು, ಮುಟ್ಟಿದಾಗ ಬಿತ್ತು. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ಸಿಲು ಚೂಪು ಮಾಡಿಕೊಂಡು ಮೂರು ಚೀಟಿಗಳನ್ನೂ ತಾನೇ ಬರೆದಳು. ಹಿಡಿದವರು ಎಂಬಲ್ಲಿ ತನ್ನ ಹೆಸರು ಬರೆದು, ಅದರ ಕೆಳಗೆ ‘ಜೇಡ ಹುಡುಕಿದವರು’ ಎಂದು ಅಜ್ಜಿಯ ಹೆಸರನ್ನೂ ಸೇರಿಸಿದ್ದಾಳೆ. ಇರಬಹುದೇ?

ಪಕ್ಕದ ತೋಟದ ಅಣ್ಣನಿಗೆ ಇಲ್ಲಿಯ ಮಾತುಗಳನ್ನೆಲ್ಲ ಓದಿ ಹೇಳಿದೆ. ಪೊರೆ, ಮೀಸೆ, ಕೋಶ ಎಲ್ಲವನ್ನೂ ಮಸೂರ ಹಿಡಿದು ನೋಡಿದರು. ನಾಳೆ ಅವರ ಮನೆಯ ಹುಳುವಿಗೂ ಪರದೆ ಕಟ್ಟಲು ಹೋಗುತ್ತಿದ್ದೇನೆ, ಅವರದ್ದು ಹರಿದಿದೆ.

ಕೀಟವಿದ್ಯಾರ್ಥಿನಿ · ಭಾನುವಾರ ಸಂಜೆ 6:45

ಖಂಡಿತ ಇರಲಿ. ಎರಡೂ ಹೆಸರಿರಲಿ.

ಬೆಟ್ಟದಜೇಡ · ಭಾನುವಾರ ಸಂಜೆ 7:10

ನಿಮ್ಮ ಮಗಳಿಗೆ ಇನ್ನೊಂದು ಕೆಲಸವಿದೆ. ಜೇಡ ಹಿಡಿದ ಬದುವಿನ ಆಸುಪಾಸಿನ ಬೇಲಿಯಲ್ಲಿ ಒಣಗಿದ ಕಡ್ಡಿಗಳ ತುದಿಗಳನ್ನು ನೋಡಲು ಹೇಳಿ. ಸಣ್ಣ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಮೆತ್ತಿಕೊಂಡಿದ್ದರೆ ಕಡ್ಡಿಯನ್ನು ಮುರಿಯದೆ ನನಗೆ ಚಿತ್ರ ಕಳುಹಿಸಿ. ಬರುವ ಭಾನುವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.

ನೇರಳೆತೋಟ · ಭಾನುವಾರ ಸಂಜೆ 7:15

ಬನ್ನಿ ಮೇಡಂ. ಅಷ್ಟರೊಳಗೆ ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರಿರುತ್ತವೆ, ನಮಗೂ ಬಿಡುವಿರುತ್ತದೆ. ಊಟ ನಮ್ಮಲ್ಲೇ.